ದೋಣಿ ಜೀರ್ಣೋದ್ಧಾರಕ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್, ಎಸೆಕ್ಸ್ ಕೌಂಟಿಗಳ ಅಳಿವೆಯೂರುಗಳಲ್ಲಿ ನಲವತ್ತರ ಆಚೀಚಿನ ಪ್ರಾಯದಲ್ಲಿ ಕಾಣಸಿಗುವ ಒಂದು ಬಗೆಯ ಗೃಹಸ್ಥನನ್ನು ದೋಣಿ ಜೀರ್ಣೋದ್ಧಾರಕ ಎಂದು ಕರೆಯಬಹುದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಒಂದು ಸಮಿತಿಯೂ ರಸೀದಿ ಪುಸ್ತಕವೂ ಬ್ರಹ್ಮಕಲಶದ ದಿನಾಂಕ ಅಚ್ಚಾದ ಆಮಂತ್ರಣವೂ ಇರುತ್ತವೆ. ಇಲ್ಲಿ ಸಮಿತಿಯ ಸ್ಥಾನದಲ್ಲಿ ಹೆಂಡತಿ ಮಕ್ಕಳಿರುತ್ತಾರೆ, ರಸೀದಿಗಳನ್ನು ಆತ ಹೆಂಡತಿಯ ಕಣ್ಣಿಗೆ ಬೀಳದಂತೆ ಬಣ್ಣದ ಡಬ್ಬಿಗಳ ಹಿಂದೆ ತುರುಕಿಡುತ್ತಾನೆ, ದಿನಾಂಕದ ಮಾತು ಬಂದಾಗಲೆಲ್ಲ ಆಕಾಶ ನೋಡಿ ಮೋಡ ಲೆಕ್ಕ ಹಾಕುತ್ತಾನೆ.

ಈತನಿಗೆ ಗಂಟುಬೀಳುವ ದೋಣಿ ಬಹುಮಟ್ಟಿಗೆ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ. ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ಟೆಲಿವಿಷನ್ನಿನಲ್ಲಿ ಮನೆಮಂದಿಗೆ ಮರಗೆಲಸ ಹೇಳಿಕೊಟ್ಟು ಹೆಸರಾಗಿದ್ದ ಬ್ಯಾರಿ ಬಕ್‌ನೆಲ್ 1962ರಲ್ಲಿ ಇದನ್ನು ರೂಪಿಸಿದರು. ಡೈಲಿ ಮಿರರ್ ಪತ್ರಿಕೆ ಇದಕ್ಕೆ ಒತ್ತಾಸೆಯಾಗಿ ನಿಂತು ತನ್ನ ಹೆಸರನ್ನೂ, ಹಾಯಿಗೆ ತನ್ನ ಶಿರೋನಾಮೆಯ ಕೆಂಪನ್ನೂ ಕೊಟ್ಟಿತು. 10 ಅಡಿ 10 ಅಂಗುಲ ಉದ್ದದ ಈ ದೋಣಿ ಬಿಡಿಭಾಗಗಳ ಕಟ್ಟಾಗಿ ಮನೆಗೆ ಬರುತ್ತಿತ್ತು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಊಟದೆಲೆ ಹಚ್ಚಿದಂತೆ ಹಲಗೆಗೆ ಹಲಗೆ ಹೊಲಿದು, ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನು ರಾಳದಲ್ಲಿ ನೆನೆಸಿ ಅಂಟಿಸಿದರೆ ದೋಣಿಯಾಯಿತು ಎನ್ನುವ ಈ ವಿಧಾನಕ್ಕೆ ‘ಸ್ಟಿಚ್ ಅಂಡ್ ಗ್ಲೂ’ ಎಂದು ಹೆಸರು. ಪುಸ್ತಕದ ಕಪಾಟು ಕೂಡಿಸಬಲ್ಲವನು ದೋಣಿಯನ್ನೂ ಕೂಡಿಸಬಲ್ಲ ಎಂಬ ಭರವಸೆಯಿಂದ 70,000ಕ್ಕೂ ಹೆಚ್ಚು ಮಿರರ್‌ಗಳು ಹುಟ್ಟಿದವು. ಅವುಗಳಲ್ಲಿ ಎಷ್ಟೋ ಇಂದು ಯಾರದೋ ಅಜ್ಜನ ಹಿತ್ತಿಲಿನಲ್ಲಿ, ಹರಿದ ತಾಡಪಾಲಿನ ಕೆಳಗೆ, ತುರಿಕೆ ಗಿಡಗಳ ನಡುವೆ ಬೋರಲಾಗಿ ಬಿದ್ದಿವೆ. ಒಯ್ಯುವವನೊಬ್ಬ ಸಿಕ್ಕನೆಂದರೆ ಕೊಡುವವನು ಹುಟ್ಟುಗಳನ್ನು ಉಚಿತವಾಗಿ ಸೇರಿಸಿ, ಬಂದವನು ಮನಸ್ಸು ಬದಲಿಸುವ ಮೊದಲೇ ಗೇಟು ಹಾಕಿಕೊಳ್ಳುತ್ತಾನೆ.

ದೋಣಿ ಗ್ಯಾರೇಜು ಸೇರಿ ಕಾರು ಬೀದಿಗೆ ಬಿದ್ದ ದಿನ, ಇದು ಕುಟುಂಬದ ಯೋಜನೆ ಎಂದು ಜೀರ್ಣೋದ್ಧಾರಕ ಸಾರುತ್ತಾನೆ. ‘ಕುಟುಂಬದ ಯೋಜನೆ’ ಎಂಬ ಈ ಪಾರಿಭಾಷಿಕ ಪದವನ್ನು, ಸಂಕಲ್ಪ ಒಬ್ಬನದು, ಉಪವಾಸ ಎಲ್ಲರದು ಎಂಬರ್ಥದಲ್ಲಿ ತಿಳಿಯತಕ್ಕದ್ದು. ಹಾಯಿಯ ಮೇಲಿನ ಕ್ರಮಸಂಖ್ಯೆಯಿಂದ ದೋಣಿಯ ವಯಸ್ಸನ್ನು ಅಂದಾಜಿಸಬಹುದಾದ್ದರಿಂದ ಆತ ಅದನ್ನು ಜಾತಕದಂತೆ ಊಟದ ಹೊತ್ತಿನಲ್ಲಿ ಓದಿ ಹೇಳುತ್ತಾನೆ. ಆ ಹಾಯಿ ಒಗೆದೊಗೆದು ಬಾಡಿದ ರವಿಕೆಯ ಬಣ್ಣಕ್ಕೆ ಇಳಿದಿರುವುದನ್ನು ಮಾತ್ರ ಹೇಳುವುದಿಲ್ಲ. ಬಳಿಕ ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಗಳನ್ನು ತಟ್ಟಿ ನೋಡುವ ಪರೀಕ್ಷೆ ನಡೆಯುತ್ತದೆ. ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ದೊಪ್ಪೆನ್ನುತ್ತದೆ. ಆತನ ಕಿವಿಗೆ ಎಲ್ಲ ಕಡೆಯೂ ಟಣ್ಣೆಂದೇ ಕೇಳಿಸುತ್ತಿರುವಾಗ, ಎಂಟು ವರ್ಷದ ಮಗ ಬೆರಳಿನಿಂದ ಒತ್ತಿ ನೋಡುತ್ತಾನೆ. ಬೆರಳು ಆಚೆಗೆ ಹೊರಡುತ್ತದೆ.

ಶ್ರಮವಿಭಜನೆಯಲ್ಲಿ ಮಕ್ಕಳಿಗೆ ಬರುವ ಪಾಲು ಮೊಸರು ತಿನ್ನುವುದು. ಎಪಾಕ್ಸಿ ಎಂಬ ಅಂಟನ್ನು ಎರಡು ದ್ರವಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಸಿದ್ಧಪಡಿಸಬೇಕಾಗಿದ್ದು, ಅದಕ್ಕೆ ಬಿಸಾಡಬಹುದಾದ ಲೋಟಗಳು ಎಷ್ಟಿದ್ದರೂ ಸಾಲವು. ಆದ್ದರಿಂದ ಮೂರು ತಿಂಗಳು ಬೆಳಗೂ ಬೈಗೂ ಸ್ಟ್ರಾಬೆರಿ ಮೊಸರು. ಎಪಾಕ್ಸಿಗೆ ಚಳಿ ಆಗದು. ಜನವರಿಯ ಗ್ಯಾರೇಜಿನಲ್ಲಿ ಅದು ಎಳೆ ಬಾರದ ಬೆಲ್ಲದ ಪಾಕದಂತೆ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುವುದರಿಂದ ಅತ್ತೆಯ ಕೋಣೆಯ ಹೀಟರು ದೋಣಿಯಡಿಗೆ ವರ್ಗವಾಗುತ್ತದೆ. ಹೀಟರು ಬಂದ ಧೈರ್ಯದಲ್ಲಿ ಒಂದೇ ಲೋಟದಲ್ಲಿ ತುಂಬ ಬೆರೆಸಿದರೆ, ರಾಸಾಯನಿಕ ಕ್ರಿಯೆಯ ಶಾಖ ಹೊರಹೋಗಲಾಗದೆ ಲೋಟ ಕರಗಿ ಹೊಗೆಯೇಳುತ್ತದೆ, ಬೀದಿಯವರು ಸೇರುತ್ತಾರೆ, ಮತ್ತು ಆತ ಅವರೆಲ್ಲರಿಗೂ ಶಾಖೋತ್ಪಾದಕ ಕ್ರಿಯೆಯನ್ನು ವಿವರಿಸುತ್ತಾನೆ. ವಾಸ್ತವದಲ್ಲಿ ಆ ಚಳಿಗಾಲದ ಅತ್ಯಂತ ಸುಖದ ಗಳಿಗೆ ಅದೇ.

ಹೆಂಡತಿಯ ಪಾಲಿಗೆ ಬರುವುದು ಉಪ್ಪುಕಾಗದದ ಉಜ್ಜಾಟ. ಮೊದಲು 80ರ ಕಾಗದ, ಆಮೇಲೆ 120, ಕೊನೆಗೆ 240. ಸಂಖ್ಯೆ ಏರಿದಂತೆ ಕಾಗದ ನುಣುಪಾಗುತ್ತದೆ, ಸಂಭಾಷಣೆ ಒರಟಾಗುತ್ತದೆ. ಇನ್ನೆಷ್ಟು ದಿನ ಎಂಬ ಪ್ರಶ್ನೆಗೆ ಉತ್ತರವಾಗಿ ಆತ ಟ್ರಿಂಕಮಲಿ ಎಂಬ ಯುದ್ಧನೌಕೆಯನ್ನು ಉದಾಹರಿಸುತ್ತಾನೆ: 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಆ ಹಡಗನ್ನು ಹಾರ್ಟ್‌ಲ್‌ಪೂಲ್ ಬಂದರಿನಲ್ಲಿ ರಿಪೇರಿ ಮಾಡಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿದು ಕೆಲಸ ಮುಗಿದದ್ದು 2001ರಲ್ಲಿ, ಹಾಗಿರುವಾಗ ಎರಡು ಚಳಿಗಾಲ ಯಾವ ಲೆಕ್ಕ? ಆ ಹಡಗಿನವರು ಅದನ್ನು ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಲ್ಲಿಸಿರಲಿಲ್ಲ ಎಂದು ಆಕೆ ಹೇಳುತ್ತಾಳೆ. ಇತಿಹಾಸದ ದೃಷ್ಟಿಯಿಂದ ಇಬ್ಬರ ಮಾತೂ ಸರಿ.

ಕೆಲಸ ಮುಗಿಯುವ ಲಕ್ಷಣ ಕಂಡೊಡನೆ ಜೀರ್ಣೋದ್ಧಾರಕನಲ್ಲಿ ಒಂದು ಬಗೆಯ ಅಳುಕು ಕಾಣಿಸಿಕೊಳ್ಳುತ್ತದೆ. ಮಗುಚಿದರೂ ದೋಣಿ ಮುಳುಗದಿರಲೆಂದು ಒಡಲಲ್ಲೇ ಕಟ್ಟಿರುವ ಗಾಳಿಪೆಟ್ಟಿಗೆಗಳ ಸಂದಿಗೆ ಸಾಬೂನು ನೀರು ಬಳಿದು, ಒಳಗೆ ಗಾಳಿ ಊದಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ರೂಢಿಯ ಪರೀಕ್ಷೆ. ಒಂದು ಗುಳ್ಳೆ ಎದ್ದರೂ ಆತನ ಮುಖ ಅರಳುತ್ತದೆ. ಗುಳ್ಳೆಗಳು ಮುಗಿದ ಮೇಲೆ ವಾರ್ನಿಷ್ ಉಳಿಯುತ್ತದೆ. ಅದು ಒಣಗುವ ತನಕ ಧೂಳು ಕೂರಬಾರದಾದ್ದರಿಂದ ಮನೆಯಲ್ಲಿ ಕಸ ಗುಡಿಸುವುದು, ಓಡುವುದು, ಸೀನುವುದು ನಿಷಿದ್ಧ. ಆರನೆಯ ಲೇಪದ ಮೇಲೆ ನಾಯಿಯ ಒಂದು ಕೂದಲು ಸಿಕ್ಕಿದ್ದರಿಂದ ಏಳನೆಯದು ಅನಿವಾರ್ಯವಾಗುತ್ತದೆ.

ದೋಣಿ ನೀರಿಗಿಳಿಯುವ ದಿನವನ್ನು ಕೊನೆಗೆ ಹೆಂಡತಿಯೇ ನಿಶ್ಚಯಿಸುತ್ತಾಳೆ. ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಹಿಂದೆ ಸರಿದು ಮೊಣಕಾಲುದ್ದ ಕೆಸರು ಉಳಿಯುವ ಆ ತೀರದಲ್ಲಿ ಭರತದ ವೇಳಾಪಟ್ಟಿ ತಪ್ಪಿಸುವಂತಿಲ್ಲವಾಗಿ, ಈ ಸಲ ಅದನ್ನೂ ಆಕೆಯೇ ನೋಡಿಟ್ಟಿರುತ್ತಾಳೆ. ಇಬ್ಬರು ಆರಾಮವಾಗಿ, ಮೂವರು ಒತ್ತರಿಸಿಕೊಂಡು ಕೂರಬಹುದಾದ ದೋಣಿ ಅದು. ನಾಲ್ವರ ಕುಟುಂಬ ಎರಡು ವರ್ಷ ಉಜ್ಜಿದ ಮೇಲೆ ಈ ಗಣಿತ ಇಳಿಜಾರಿನ ಮೇಲೆ ಮೊದಲ ಬಾರಿಗೆ ಹೊಳೆಯುತ್ತದೆ. ದಡದಲ್ಲಿ ಯಾರಾದರೂ ಟ್ರೈಲರನ್ನು ನೋಡಿಕೊಳ್ಳಬೇಕಲ್ಲ ಎಂದು ಆತ ತಡಮಾಡದೆ ಹೇಳುತ್ತಾನೆ. ಕೆಂಪು ಹಾಯಿ ತಿರುವಿನಾಚೆಗೆ ಸರಿಯುತ್ತದೆ, ಹೆಂಡತಿ ಮಕ್ಕಳು ಕೈ ಬೀಸುತ್ತಾರೆ, ಆತನೂ ಒಂದು ಕೈ ಬೀಸುತ್ತಾನೆ. ಇನ್ನೊಂದು ಕೈಯ ಉಗುರು ಟ್ರೈಲರಿನ ಕಂಬಿಯ ಮೇಲೆದ್ದ ತುಕ್ಕನ್ನು ಕೆರೆದು, ಅದು ಎಷ್ಟು ಆಳಕ್ಕೆ ಹೋಗಿದೆಯೆಂದು ನೋಡುತ್ತಿರುತ್ತದೆ.