ಹವಳ ಪುನರುತ್ಥಾನ ಪ್ರಕರಣ

ಪೂರ್ವಪಕ್ಷ: ಕಡಲಿನ ಮುಖ ಕಾಣದ, ಮೈಸೂರು ಜಿಲ್ಲೆಯ ನಮ್ಮ ಹೆಡತಲೆಯಲ್ಲಿ ಕೂತು ಹವಳದ ಮಾತೇಕೆ ಸ್ವಾಮಿ? ಸಿದ್ಧಾಂತ: ಲಕ್ಷದ್ವೀಪದ ಹವಳದ ಯೋಗಕ್ಷೇಮವನ್ನು 1998ರಿಂದ ಬರೆದಿಡುತ್ತ ಬಂದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಮೈಸೂರಿನದು. ಆದಕಾರಣ ಹವಳಶಾಸ್ತ್ರ ನಮ್ಮ ಜಿಲ್ಲೆಯ ವಿದ್ಯೆ. ಆಕ್ಷೇಪ ವಜಾ.

ಇನ್ನು ಲಕ್ಷಣ. ಹವಳ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ, ಅದೇ ಅನ್ನ. ನೀರು ಬಹಳ ದಿನ ಬಿಸಿಯೇರಿದರೆ ಹವಳ ಬಾಡಿಗೆದಾರನನ್ನು ಹೊರಗಟ್ಟಿ, ತಾನು ಬಿಳಿಚಿಕೊಂಡು ಉಪವಾಸ ಬೀಳುತ್ತದೆ. ಲಕ್ಷದ್ವೀಪದಲ್ಲಿ ಹೀಗಾದದ್ದು 1998, 2010, 2016ರಲ್ಲಿ; 2024ರಲ್ಲಿ ಮತ್ತೆ.

ಬಿಳಿಚಿದ ಮೇಲೆ ಎದ್ದುನಿಲ್ಲುವವು ಮೂರು ಜಾತಿ. ಮೂರೇ ಏಕೆಂದರೆ ನಮ್ಮೂರ ಲಕ್ಷ್ಮೀಕಾಂತ ದೇಗುಲ ತ್ರಿಕೂಟ. ಶಾಸ್ತ್ರಕಾರನಿಗೆ ಅಷ್ಟು ಪ್ರಮಾಣ ಸಾಕು.

ಮೊದಲನೆಯದು ಆತುರಜಾತಿ: ಕವಲೊಡೆಯುವ ಅಕ್ರೊಪೊರಾ. ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಸೆಕೆ ಬಂದಾಗ ಮೊದಲು ಸಾಯುವುದೂ ಇದೇ, ಮೊದಲು ಮರಳುವುದೂ ಇದೇ. ಅಲೆಯಲ್ಲಿ ತೇಲಿಬಂದ ಮರಿ ಸತ್ತ ದಿಬ್ಬಕ್ಕೆ ಅಂಟಿಕೊಂಡು ಹೊಸ ಸಂಸಾರ ಹೂಡುತ್ತದೆ. ಆದರೆ ಅಂಟಲು ಜಾಗ ಬೇಕು. ಸತ್ತ ದಿಬ್ಬದ ಮೇಲೆ ಹಬ್ಬುವ ಪಾಚಿಯನ್ನು ಮೇಯ್ದು ಕಲ್ಲು ಚೊಕ್ಕಟ ಮಾಡುವುದು ಗಿಳಿಮೀನು. ಮೀನನ್ನು ಹವಳದ ವರ್ಗಕ್ಕೆ ಸೇರಿಸಬಹುದೇ ಎಂದು ವೈಯಾಕರಣರು ಕೇಳಿಯಾರು. ಸೇರಿಸಿದ್ದೇವೆ. ಆ ಮೀನನ್ನು ಬಲೆಗೆ ಹಾಕಿ ಮುಗಿಸಿದರೆ ಈ ಜಾತಿ ಮರಳುವುದು ಕಷ್ಟ.

ಎರಡನೆಯದು ಸ್ಥಾವರಜಾತಿ: ಉಂಡೆಯಾಕಾರದ ಪೊರೈಟಿಸ್, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಇದು ಬಿದ್ದು ಏಳುವುದಕ್ಕಿಂತ ಬೀಳದೆ ನಿಲ್ಲುವ ಗಿರಾಕಿ.

ಮೂರನೆಯದು ಆಭಾಸಜಾತಿ: ದೂರದಿಂದ ಹಸಿರು, ಹತ್ತಿರ ಹೋದರೆ ಬರೀ ಪಾಚಿ.

ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ಎಣಿಸಿದ ಆ ಫೌಂಡೇಷನ್‌ನವರು ಮಾತ್ರ ಆಳ, ಅಲೆಯ ಹೊಡೆತ, ಹವಳದ ಗುಣ ನೋಡಿ ಆರು ಗುಂಪು ಮಾಡಿದ್ದಾರೆ. ಎರಡು ತ್ರಿಕೂಟವೆಂದು ಸಮಾಧಾನಪಟ್ಟುಕೊಳ್ಳಬಹುದು. ಸಮಾಧಾನಕ್ಕೆ ಒಗ್ಗದ್ದು ಅವರ ಲೆಕ್ಕ: 1998ರಲ್ಲಿ ಶೇ 37ರಷ್ಟಿದ್ದ ಹವಳದ ಹೊದಿಕೆ 2022ಕ್ಕೆ ಶೇ 19. ಸೆಕೆ ಏರುತ್ತ ಹೋದರೂ ಸಾವು ಸಲಸಲಕ್ಕೂ ಇಳಿಯಿತಂತೆ. ಹಿಗ್ಗುವಂತಿಲ್ಲ, ಸಾಯುವ ಜಾತಿಯವು ಮೊದಲೇ ಮುಗಿದಿದ್ದರೂ ಲೆಕ್ಕ ಹಾಗೆಯೇ ಬರುತ್ತದೆ. ಚೇತರಿಕೆ ಬಿರುಸು ಪಡೆಯುವುದು ಸೆಕೆಯಿಲ್ಲದ ಆರು ವರ್ಷ ಕಳೆದ ಮೇಲೆ. 2010ರ ನಂತರ ಸಿಕ್ಕಿದ ಬಿಡುವು ಸರಿಯಾಗಿ ಆರೇ ವರ್ಷ: ಆತುರಜಾತಿ ಓಟಕ್ಕೆ ಕಾಲೆತ್ತುವ ಹೊತ್ತಿಗೆ 2016 ಬಂದಿತ್ತು.