ಐದು ಮಂದಿ ಸಾಕಂತೆ!

ವೆಬ್‌ಸೈಟ್ ಬಳಕೆಯ ತೊಡಕು ಹಿಡಿಯಲು ಐದು ಬಳಕೆದಾರರನ್ನು ಕೂರಿಸಿ ನೋಡಿದರೆ ಸಾಕೆಂದು ವೆಬ್ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದರು. ಪುಣ್ಯಾತ್ಮ ಕುಷ್ಟಗಿ ಕಡೆಯ ಕಟ್ಟೆಗಳನ್ನು ಕಂಡಿರಲಿಕ್ಕಿಲ್ಲ.

ಬೆಂಗಳೂರಿನಿಂದ ಬಂದ ಸೋದರಳಿಯ, ರೈತರ ಆ್ಯಪೊಂದರ ಮೆನು ಜೋಡಿಸಲು ‘ಕಾರ್ಡ್ ಸಾರ್ಟಿಂಗ್’ ಎಂದು ಚೀಟಿಗಳ ಕಟ್ಟು ಬಿಚ್ಚಿದ. ಇಸ್ಪೀಟೆಂದು ಐವರ ಜಾಗಕ್ಕೆ ಅರ್ಧ ಓಣಿಯೇ ನೆರೆಯಿತು. “ಒಂದಕ್ಕೊಂದು ಹೊಂದೂವು ಒಂದ್ ಕಡೆ ಇಡ್ರಿ” ಎಂದ. ಒಬ್ಬ ಅಜ್ಜ ‘ಬೆಳೆ ವಿಮೆ’ಯನ್ನು ‘ದೂರು’ ಪಕ್ಕ ಇಟ್ಟ. ‘ಮಳೆ’ ಚೀಟಿಯನ್ನು ಮಾತ್ರ ಕಿಸೆಗೆ ಸೇರಿಸಿ, “ಇದು ಯಾವುದಕ್ಕೂ ಹೊಂದಂಗಿಲ್ಲ, ತಾ ಮನಸ್ಸು ಬಂದಾಗ ಬರ್ತೈತಿ” ಎಂದ. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಗಂಗಾವತಿಯ ಬೀಗರು, “ಮಳೆ ಯಾಕ್ರೀ? ಕಾಲುವಿ ಚೀಟಿ ಎಲ್ಲೈತಿ?” ಎಂದು ತಗಾದೆ ತೆಗೆದರು. ಯಲಬುರ್ಗಾದ ಒಣಬೇಸಾಯದವರಿಗೆ ಅಷ್ಟು ಸಾಕಾಯಿತು. ಸಂಶೋಧನೆ ಹೋಗಿ ಪಂಚಾಯ್ತಿ ಶುರುವಾಯಿತು.

ಕೊನೆಗೆ ಫೋನಿನಲ್ಲಿ ಆ್ಯಪ್ ಮುಟ್ಟಿ ನೋಡುವ ನನ್ನ ಪಾಳಿ. “ಮಾವ, ಮೂಲ್ಯಾಗಿನ ಮೂರು ಗೆರಿ ಮುಟ್ರಿ.” ಅಡ್ಡ ಮೂರು ಗೆರೆ! ವಿಭೂತಿಯೆಂದು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅದರ ಹೆಸರು ಹ್ಯಾಂಬರ್ಗರ್, 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿನಲ್ಲಿ ಹುಟ್ಟಿದ್ದು ಎಂದು ಅಳಿಯ ನಿಟ್ಟುಸಿರಿಟ್ಟ. ವರದಿಯಲ್ಲಿ ಮಾತ್ರ ಜಾಣತನದಿಂದ ಬರೆದುಕೊಂಡ: “ಬಳಕೆದಾರರಿಗೆ ಮೆನು ಚಿಹ್ನೆಯ ಮೇಲೆ ಅಪಾರ ಭಕ್ತಿ ಇದೆ.”