ವಾಮಪಾದ ಮೀಮಾಂಸೆ

ಮನುಷ್ಯನಿಗೆ ಕಾಲು ಎರಡು, ಗೇರಿನ ಕಾರಿಗೆ ಪೆಡಲು ಮೂರು. ಈ ಲೆಕ್ಕ ತಾಳೆಯಾಗದಿರುವುದೇ ಪ್ರಸ್ತುತ ಶಾಸ್ತ್ರದ ಹುಟ್ಟಿಗೆ ಕಾರಣ. ಬ್ರೇಕು, ಆಕ್ಸಿಲರೇಟರು ಎರಡನ್ನೂ ಬಲಗಾಲೇ ನೋಡಿಕೊಳ್ಳುತ್ತದೆ. ಎಡಗಾಲಿಗೆ ಉಳಿದದ್ದು ಕ್ಲಚ್ಚೊಂದೇ. ಮದುಮಗಳು ಹೊಸಿಲು ದಾಟುವಲ್ಲಿಂದ ಹಿಡಿದು ಎಲ್ಲೆಲ್ಲೂ ಬಲಗಾಲಿಗೇ ಮೊದಲ ಮರ್ಯಾದೆ ಕೊಡುವ ನಮ್ಮ ಲೋಕದಲ್ಲಿ, ಬೈಕಿನ ಗೇರು ಬಿಟ್ಟರೆ, ಎಡಗಾಲಿಗೆ ಖಾಯಂ ನೌಕರಿ ಸಿಕ್ಕಿದ್ದ ಜಾಗ ಅದು. ಆಟೊಮ್ಯಾಟಿಕ್ ಬಂದು ಅದಕ್ಕೂ ಕಲ್ಲು ಹಾಕಿತು. ಆದಕಾರಣ ಸ್ಪೋರ್ಟ್ಸ್ ಕಾರಿಗೆ ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ ಎಂಬುದು ಮೂಲತಃ ಒಂದು ಕಾಲಿನ ಸೇವಾಭದ್ರತೆಯ ಪ್ರಶ್ನೆ. (ಈ ಮೀಮಾಂಸಕನ ಬಳಿ ಸ್ಪೋರ್ಟ್ಸ್ ಕಾರಿಲ್ಲ. ಬ್ರಹ್ಮವನ್ನು ಕಂಡವರೇ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯಬೇಕೆಂಬ ನಿಯಮವೂ ಇಲ್ಲ.)

ಆಟೊಮ್ಯಾಟಿಕ್ ಪರವಾದ ಪೂರ್ವಪಕ್ಷದವರು ಗಡಿಯಾರ ಹಿಡಿದೇ ಬರುತ್ತಾರೆ. 2021ರ ಪೋರ್ಷ 911 ಜಿಟಿ3 ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ 3.4 ಸೆಕೆಂಡು, ಮ್ಯಾನುಯಲ್ಲಿನಲ್ಲಿ 3.9. ಅರ್ಧ ಸೆಕೆಂಡು ಎಲ್ಲಿ ಹೋಯಿತು? ವೈಯಾಕರಣರು ಹೇಳುತ್ತಾರೆ: ಮ್ಯಾನುಯಲ್ಲಿನಲ್ಲಿ ನಡೆಯುವುದು ಲೋಪಸಂಧಿ. ಕ್ಲಚ್ ಒತ್ತಿದಾಗ ಇಂಜಿನ್ನಿಗೂ ಚಕ್ರಕ್ಕೂ ಅಷ್ಟು ಹೊತ್ತು ಮಾತುಕತೆ ಬಂದ್. ಪಿಡಿಕೆಯಲ್ಲಿ ಒಂದನೆಯ, ಮೂರನೆಯ, ಐದನೆಯ ಗೇರಿಗೆ ಒಂದು ಕ್ಲಚ್, ಎರಡನೆಯ, ನಾಲ್ಕನೆಯದಕ್ಕೆ ಮತ್ತೊಂದು. ಈ ಗೇರು ಓಡುತ್ತಿರುವಾಗಲೇ ಮುಂದಿನದು ಮದುವೆಮನೆಯ ಎರಡನೇ ಪಂಕ್ತಿಯವರಂತೆ ಬೆನ್ನಹಿಂದೆ ನಿಂತಿರುತ್ತದೆ. ಇಲ್ಲಿ ಲೋಪವಿಲ್ಲ, ಆದೇಶವಷ್ಟೇ. ಆದೇಶ ಕೊಡುವುದು ಕಂಪ್ಯೂಟರು. ಕ್ಲಚ್ಚೇ ಬೇಡವೆಂದವರ ಕಾರಿನೊಳಗೆ ಎರಡೆರಡು ಕ್ಲಚ್ ಇರುವ ಈ ಸಂಗತಿಯನ್ನು ಅವರು ಸಭೆಯಲ್ಲಿ ಎತ್ತುವುದಿಲ್ಲ.

ಉತ್ತರಪಕ್ಷದ ಬಳಿಯೂ ಅದೇ ಕಾರಿನ ಅಂಕಿಯಿದೆ. ಗರಿಷ್ಠ ವೇಗ ಪಿಡಿಕೆಯಲ್ಲಿ ಗಂಟೆಗೆ 318 ಕಿಲೋಮೀಟರು, ಮ್ಯಾನುಯಲ್ಲಿನಲ್ಲಿ 320. ರಸ್ತೆ ಸಾಕಷ್ಟು ಉದ್ದವಿದ್ದು ಪೊಲೀಸರು ಸಾಕಷ್ಟು ವಿರಳವಾಗಿದ್ದರೆ, ಅರ್ಧ ಸೆಕೆಂಡು ಹಿಂದೆ ಬಿದ್ದವನು ಎಂದಾದರೊಂದು ದಿನ ಮುಂದೆ ಹೋಗಿಯೇ ಹೋಗುತ್ತಾನೆ.

ಇತಿಹಾಸವನ್ನು ಸಾಕ್ಷಿಗೆ ಕರೆದರೆ ಎರಡು ಪಕ್ಷಕ್ಕೂ ಇರುಸುಮುರುಸು. ಅಮೆರಿಕದ ಮ್ಯಾನುಯಲ್ ಭಕ್ತರು ಷೆವರ್ಲೆ ಕಾರ್ವೆಟ್ಟಿನ 2020ರ ಮಾದರಿಯಲ್ಲಿ ಕ್ಲಚ್ ಪೆಡಲೇ ಇಲ್ಲವೆಂದು ಎದೆ ಬಡಿದುಕೊಂಡರು, ಸನಾತನ ಧರ್ಮ ಕೆಟ್ಟಿತೆಂದರು. ಆದರೆ 1953ರಲ್ಲಿ ತಯಾರಾದ ಮೊದಲ ಮುನ್ನೂರು ಕಾರ್ವೆಟ್ಟುಗಳಲ್ಲೂ ಇದ್ದದ್ದು ಎರಡೇ ಗೇರಿನ ಆಟೊಮ್ಯಾಟಿಕ್. ಮ್ಯಾನುಯಲ್ ಬಂದದ್ದು 1955ರಲ್ಲಿ. ಸನಾತನವೆಂದದ್ದು ಎರಡು ವರ್ಷ ಕಿರಿದಾಗಿ ಹೊರಬಿತ್ತು. ಇತರ ಸನಾತನಗಳನ್ನು ಈ ರೀತಿ ಲೆಕ್ಕಕ್ಕಿಳಿಸುವ ಧೈರ್ಯ ಪ್ರಬಂಧಕಾರನಿಗಿಲ್ಲ.

ಭಕ್ತಿಯ ಬಲ ಮಾತ್ರ ದೊಡ್ಡದು. 2013ರಲ್ಲಿ ಪೋರ್ಷ ಜಿಟಿ3 ಕಾರನ್ನು ಬರೀ ಪಿಡಿಕೆಯಲ್ಲಿ ತಂದಿತು. ವೇಗ ಜಾಸ್ತಿಯಾಯಿತಲ್ಲ, ಇನ್ನೇನು ಬೇಕು ಎಂಬುದು ಕಂಪನಿಯ ಅಂಬೋಣ. ಭಕ್ತರಿಗೆ ಬೇಕಿದ್ದದ್ದು ವೇಗವಲ್ಲ, ಕೆಲಸ. 2016ರಲ್ಲಿ ಮ್ಯಾನುಯಲ್ ಮಾತ್ರವಿದ್ದ 911 ಆರ್ ಎಂಬ 991 ಕಾರುಗಳು ಬಂದವು. ಅವುಗಳಲ್ಲಿ ಕೆಲವು ಕೊಂಡ ಬೆಲೆಯ ಹಲವು ಪಟ್ಟಿಗೆ ಕೈ ಬದಲಾಯಿಸಿದವು. ಮರುವರ್ಷವೇ ಜಿಟಿ3ಗೂ ಮೂರನೇ ಪೆಡಲು ಮರಳಿತು. ಎಡಗಾಲನ್ನು ದುಡಿಸಿಕೊಳ್ಳಲು ದುಡ್ಡು ಕೊಟ್ಟು ಸಾಲು ನಿಂತ ಉದಾಹರಣೆ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಇನ್ನೊಂದಿರಲಾರದು.

ಸಮನ್ವಯಾಚಾರ್ಯರು ಅವತರಿಸಿದ್ದು ಸ್ವೀಡನ್ನಿನಲ್ಲಿ. 2022ರಲ್ಲಿ ತೋರಿಸಿದ ಕೋನಿಗ್ಸೆಗ್ ಸಿಸಿ850ರ ಗೇರ್‌ಬಾಕ್ಸು ಒಂದೇ. ಬೇಕೆಂದರೆ ಒಂಬತ್ತು ಗೇರಿನ ಆಟೊಮ್ಯಾಟಿಕ್, ಮನಸ್ಸಾದರೆ ಕ್ಲಚ್ ಒತ್ತಿ ಹಾಕುವ ಆರು ಗೇರಿನ ಮ್ಯಾನುಯಲ್. ಗೇರ್ ಕಡ್ಡಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಕಬ್ಬಿಣವಲ್ಲ, ವಿದ್ಯುತ್ ಸಂಕೇತ. ಅಂದರೆ ಮಾಯೆ. ಆದರೂ ಕ್ಲಚ್ಚನ್ನು ಅಡ್ಡಾದಿಡ್ಡಿ ಬಿಟ್ಟರೆ ಗಾಡಿ ಆಫ್ ಆಗುವಂತೆ ಮಾಡಿದ್ದಾರೆ. ನನ್ನ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಇದನ್ನು ಕೇಳಬೇಕಿತ್ತು. “ಕ್ಲಚ್ ಬಿಡ್ತಾ ಬಿಡ್ತಾ ಗಾಡಿ ಮೂಗು ಒಂಚೂರು ಎತ್ತುತ್ತೆ ನೋಡಿ, ಅಲ್ಲೇ ಕಾಲು ನಿಲ್ಸಿ” ಎಂದು ಅವರು ಹಾಫ್ ಕ್ಲಚ್ ಉಪದೇಶಿಸುವಷ್ಟರಲ್ಲಿ ನಾನು ಕಪ್ಪೆಯಂತೆ ಕುಪ್ಪಳಿಸಿ ಸರ್ಕಲ್ಲಿನ ನಡುವೆ ಆಫ್ ಮಾಡಿ ನಿಲ್ಲಿಸಿರುತ್ತಿದ್ದೆ. ಆ ವಿದ್ಯೆಯನ್ನು ಇಂಜಿನಿಯರುಗಳು ಇಷ್ಟು ಕಷ್ಟಪಟ್ಟು ಮರಳಿ ಸಂಪಾದಿಸಿದ್ದಾರೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಹೋದ ವರ್ಷ ಹಾಸನಕ್ಕೆ ಹೋಗುವಾಗ ಭಾವ ತಮ್ಮ ಆಟೊಮ್ಯಾಟಿಕ್ ಕಾರನ್ನು ನನ್ನ ಕೈಗೆ ಕೊಟ್ಟರು. ಮೊದಲ ಟೋಲ್ ಹತ್ತಿರ ಬಂತು. ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದ ಎಡಗಾಲು ಅಪ್ಪಣೆಗೂ ಕಾಯದೆ ಕ್ಲಚ್ಚನ್ನು ಪೂರ್ತಿ ಒತ್ತಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು. ಹಿಂದಿನ ಸೀಟಿನಲ್ಲಿ ಅಕ್ಕ ತೊಡೆಯ ಮೇಲಿಟ್ಟುಕೊಂಡಿದ್ದ ಪುಳಿಯೋಗರೆ ಡಬ್ಬಿ ಗೇರ್ ಕಡ್ಡಿಯ ಬಳಿ ಬಂದು ತೆರೆದುಕೊಂಡಿತು.

“ಆ ಕಾಲನ್ನ ಮಡಚಿ ಸೀಟಿನ ಕೆಳಗೆ ಇಟ್ಕೊಳ್ಳೋ ಮಾರಾಯ” ಎಂದಳು ಅಕ್ಕ. ಭಾವ ಮಾತಾಡಲಿಲ್ಲ, ‘ಡಿ’ ಅಕ್ಷರದ ಸಂದಿಯಿಂದ ಕಡಲೆಬೇಳೆ ಹೆಕ್ಕುತ್ತಿದ್ದರು. ಹಾಸನದವರೆಗೂ ನಾನು ಕಾರು ಓಡಿಸಿದ್ದು ಅರ್ಧಪದ್ಮಾಸನದಲ್ಲಿ.